ಬೋಗಿಯ ಕೆಂಪು: ಮಾಸಿದ ಬಣ್ಣವೊಂದರ ಚರಿತ್ರೆ

ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರು – ನನ್ನ ಅಧ್ಯಾಪನ ವೃತ್ತಿಯ ಬಹುಭಾಗ ಈ ನಾಲ್ಕು ಊರುಗಳಲ್ಲಿಯೇ ಕಳೆಯಿತು. ಈ ನಾಲ್ಕಕ್ಕೂ ಸಮಾನವಾದ ಸಂಗತಿಯೊಂದಿದೆ. ಇವುಗಳಲ್ಲಿ ಯಾವ ಊರಿಗೂ ರೈಲು ನಿಲ್ದಾಣವಿಲ್ಲ. 1997ರಲ್ಲಿ ದಾವಣಗೆರೆ ಜಿಲ್ಲೆ ರೂಪುಗೊಂಡಾಗ ಚನ್ನಗಿರಿ ಮತ್ತು ಹೊನ್ನಾಳಿ ತಾಲ್ಲೂಕುಗಳು ಶಿವಮೊಗ್ಗದಿಂದಲೂ ಜಗಳೂರು ಚಿತ್ರದುರ್ಗದಿಂದಲೂ ಬಂದು ಸೇರಿದವು. ನ್ಯಾಮತಿಯು ಹೊನ್ನಾಳಿಯಿಂದ ಬೇರ್ಪಟ್ಟು 2018ರಲ್ಲಿ ಪ್ರತ್ಯೇಕ ತಾಲ್ಲೂಕಾಯಿತು. ಜಿಲ್ಲೆಗಳು ಬದಲಾದವು, ಗಡಿಗಳು ಬದಲಾದವು. ಆದರೆ ರೈಲನ್ನು ನೋಡಬೇಕಾದರೆ ಬಸ್ಸು ಹತ್ತಿ ದಾವಣಗೆರೆಗೋ ಹರಿಹರಕ್ಕೋ ಶಿವಮೊಗ್ಗಕ್ಕೋ ಹೋಗಬೇಕೆಂಬ ನಿಯಮ ಮಾತ್ರ ಬದಲಾಗಲಿಲ್ಲ.

ಹೀಗಿರುವಾಗ ರೈಲು ನಮ್ಮ ಭಾಗದ ಮಕ್ಕಳಿಗೆ ದಿನನಿತ್ಯದ ವಸ್ತುವಾಗಿರಲಿಲ್ಲ, ಅದೊಂದು ದರ್ಶನವಾಗಿತ್ತು. ಅಪರೂಪಕ್ಕೆ ಕಂಡದ್ದು ಮನಸ್ಸಿನಲ್ಲಿ ಆಳವಾಗಿ ಉಳಿಯುತ್ತದೆ. ಇಂದು ಅರವತ್ತು ದಾಟಿದ ನನ್ನ ಹಳೆಯ ವಿದ್ಯಾರ್ಥಿಗಳನ್ನು ಕೇಳಿದರೆ, ಮೊದಲು ಕಂಡ ರೈಲಿನ ಹೆಸರು ಮರೆತಿರಬಹುದು, ಟಿಕೇಟಿನ ದರ ಮರೆತಿರಬಹುದು, ಆದರೆ ಬಣ್ಣವನ್ನು ಮರೆತವರು ಇಲ್ಲ. "ಕೆಂಪು ಡಬ್ಬಿ ಸರ್" ಎನ್ನುತ್ತಾರೆ. ಎಂಥ ಕೆಂಪು ಎಂದು ಕೇಳಿದೊಡನೆ ಭಿನ್ನಾಭಿಪ್ರಾಯ ಆರಂಭವಾಗುತ್ತದೆ. ಒಬ್ಬರಿಗೆ ಅದು ಇಟ್ಟಿಗೆಯ ಕೆಂಪು, ಇನ್ನೊಬ್ಬರಿಗೆ ಕಾವಿಯ ಕೆಂಪು, ಅಡಿಕೆ ಸೀಮೆಯವರಿಗೆ ಚೊಗರಿನ ಕೆಂಪು.

ಈ ಲೇಖನಕ್ಕೆ ಕಾರಣವೂ ಇದೇ ಭಿನ್ನಾಭಿಪ್ರಾಯ. ನನ್ನ ವಿದ್ಯಾರ್ಥಿಯೊಬ್ಬರು ಈಗ ನಿವೃತ್ತ ಇಂಜಿನಿಯರು. ಬಿಡುವಿನ ಕಾಲದಲ್ಲಿ ರೈಲಿನ ಪುಟ್ಟ ಮಾದರಿಗಳನ್ನು ತಯಾರಿಸುವ ಹವ್ಯಾಸ ಹಚ್ಚಿಕೊಂಡಿದ್ದಾರೆ. 1970ರ ದಶಕದಲ್ಲಿ ದಾವಣಗೆರೆಯ ಮೂಲಕ ಹಾದುಹೋಗುತ್ತಿದ್ದಂಥ ಮೀಟರ್ ಗೇಜ್ ಗಾಡಿಯೊಂದನ್ನು ಅಳತೆಗೆ ತಕ್ಕಂತೆ ಮಾಡಲು ಹೊರಟ ಅವರು, ಬಣ್ಣದ ಹಂತಕ್ಕೆ ಬಂದಾಗ ನಿಂತುಬಿಟ್ಟರು. ಹೊಸ ಬಣ್ಣ ಬಳಿದರೆ ಗೊಂಬೆಯಂತೆ ಕಾಣುತ್ತದೆ; ಮಾಸಿದಂತೆ ಮಾಡಬೇಕೆಂದರೆ ಎಷ್ಟು ಮಾಸಿರಬೇಕು, ಹೇಗೆ ಮಾಸಿರಬೇಕು ಎಂಬುದು ತಿಳಿಯದು. ಮೇಲುನೋಟಕ್ಕೆ ಇದು ಆಟಿಕೆಯ ಪ್ರಶ್ನೆ. ಆದರೆ ಯೋಚಿಸುತ್ತ ಹೋದಂತೆ ಇದು ಇತಿಹಾಸದ ಪ್ರಶ್ನೆಯೆಂದು ನನಗೆ ಮನವರಿಕೆಯಾಯಿತು.

ನಮ್ಮ ಸುತ್ತಲ ಹಳಿಗಳು

ಮೊದಲು ಹಿನ್ನೆಲೆಯನ್ನು ಸಂಕ್ಷೇಪವಾಗಿ ಸ್ಮರಿಸೋಣ. ಮೈಸೂರು ಸಂಸ್ಥಾನದ ನೆಲಕ್ಕೆ ಉಗಿಬಂಡಿ ಬಂದದ್ದು 1864ರಲ್ಲಿ, ಜೋಲಾರಪೇಟೆಯಿಂದ ಬೆಂಗಳೂರು ದಂಡುಪ್ರದೇಶಕ್ಕೆ ಹಾಕಿದ ಮಾರ್ಗದ ಮೂಲಕ. ಬೆಂಗಳೂರು–ಮೈಸೂರು ನಡುವಣ ಮೀಟರ್ ಗೇಜ್ ಮಾರ್ಗ 1881–82ರಲ್ಲಿ ತೆರೆಯಿತು. ಉತ್ತರ ದಿಕ್ಕಿನಲ್ಲಿ ಬೆಂಗಳೂರಿನಿಂದ ಹರಿಹರದವರೆಗಿನ ಮಾರ್ಗ 1889ರ ಹೊತ್ತಿಗೆ ಪೂರ್ಣಗೊಂಡಿತು. ದಾವಣಗೆರೆಗೆ ರೈಲು ಬಂದದ್ದು ಈ ಮಾರ್ಗದಿಂದಲೇ. ಬೀರೂರಿನಿಂದ ಶಿವಮೊಗ್ಗಕ್ಕೆ ಹೋಗುವ ಕವಲು 1899ರಲ್ಲಿ ಸಂಚಾರಕ್ಕೆ ಸಿದ್ಧವಾಯಿತು. ಹೀಗೆ ನಮ್ಮ ನಾಲ್ಕು ಊರುಗಳ ಆಚೀಚೆ ಹಳಿಗಳು ಹಾದುಹೋದವು, ನಡುವಿನ ನೆಲ ಮಾತ್ರ ಎತ್ತಿನ ಗಾಡಿಗೂ ಮುಂದೆ ಬಸ್ಸಿಗೂ ಉಳಿಯಿತು.

1951ರ ಏಪ್ರಿಲ್ 14ರಂದು ಮೈಸೂರು ಸ್ಟೇಟ್ ರೈಲ್ವೆ, ಮದ್ರಾಸ್ ಅಂಡ್ ಸದರ್ನ್ ಮರಾಠಾ ರೈಲ್ವೆ ಮತ್ತು ಸೌತ್ ಇಂಡಿಯನ್ ರೈಲ್ವೆಗಳು ಒಂದುಗೂಡಿ ದಕ್ಷಿಣ ರೈಲ್ವೆ ಸ್ಥಾಪನೆಯಾಯಿತು. ನನ್ನ ತಲೆಮಾರಿನವರು ಕಂಡ ಕೆಂಪು ಬೋಗಿ ಈ ಕಾಲದ್ದು. ಮುಂದೆ ಹೊಗೆಯುಗುಳುವ ವೈಪಿ ವರ್ಗದ ಇಂಜಿನ್, ಹಿಂದೆ ಕಂದುಗೆಂಪಿನ ಸಾಲು, ಕಿಟಕಿಗಳಿಗೆ ಅಡ್ಡ ಸರಳು, ಮೇಲೆ ಬೂದು ಬಣ್ಣದ ಚಾವಣಿ.

ಆ ಕೆಂಪಿಗೆ ಕಾರಣವೇನು?

ಭಾರತದ ಬೋಗಿಗಳು ಅಷ್ಟು ಕಾಲ ಕೆಂಪಾಗಿದ್ದುದಕ್ಕೆ ಸೌಂದರ್ಯವೊಂದೇ ಕಾರಣವಲ್ಲ. ಕಬ್ಬಿಣವು ಆಮ್ಲಜನಕದೊಡನೆ ಕೂಡಿದಾಗ ದೊರೆಯುವ ಕೆಂಪು ಆಕ್ಸೈಡ್ ಅತ್ಯಂತ ಅಗ್ಗದ, ಅತ್ಯಂತ ಗಟ್ಟಿಯಾದ ವರ್ಣದ ಪುಡಿ. ಅದು ಈಗಾಗಲೇ ಆಮ್ಲಜನಕದೊಡನೆ ಪೂರ್ಣವಾಗಿ ಕೂಡಿರುವುದರಿಂದ ಗಾಳಿ, ಬಿಸಿಲುಗಳು ಅದನ್ನು ಇನ್ನಷ್ಟು ಕೆಡಿಸಲಾರವು. ಹಳ್ಳಿಯ ಮನೆಯ ಗೋಡೆಗೆ ಬಳಿಯುವ ಕೆಮ್ಮಣ್ಣು, ದೇವಸ್ಥಾನದ ಗೋಡೆಯ ಕಾವಿಪಟ್ಟೆ, ಗೂಡ್ಸ್ ಡಬ್ಬಿಯ ರೆಡ್ ಆಕ್ಸೈಡ್ – ಇವೆಲ್ಲವೂ ರಸಾಯನಶಾಸ್ತ್ರದ ದೃಷ್ಟಿಯಲ್ಲಿ ಒಂದೇ ಕುಲದವು. ಕೊಪ್ಪಳ ಜಿಲ್ಲೆಯ ಹಿರೇಬೆಣಕಲ್ಲಿನ ಬಂಡೆಗಳ ಮೇಲೆ ಪ್ರಾಚೀನರು ಬರೆದ ಕೆಮ್ಮಣ್ಣಿನ ಚಿತ್ರಗಳು ಇಂದಿಗೂ ಕಾಣಸಿಗುತ್ತವೆಯೆಂದರೆ ಈ ವರ್ಣದ ಆಯುಷ್ಯವನ್ನು ಊಹಿಸಿಕೊಳ್ಳಬಹುದು.

ನಮ್ಮ ಭಾಗದವರಿಗೆ ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಬೀರೂರು–ಶಿವಮೊಗ್ಗ ಮಾರ್ಗದಲ್ಲಿರುವ ಭದ್ರಾವತಿಯಲ್ಲಿ 1923ರಲ್ಲಿ ಉತ್ಪಾದನೆ ಆರಂಭಿಸಿದ ಕಬ್ಬಿಣದ ಕಾರ್ಖಾನೆಗೆ ಅದಿರು ಬರುತ್ತಿದ್ದುದು ಕೆಮ್ಮಣ್ಣುಗುಂಡಿಯಿಂದ. ಆ ಹೆಸರೇ ಎಲ್ಲವನ್ನೂ ಹೇಳುತ್ತದೆ. ಬೆಟ್ಟದ ಕೆಂಪು ಮಣ್ಣು ಕುಲುಮೆಯಲ್ಲಿ ಕಬ್ಬಿಣವಾಗುತ್ತದೆ; ಆ ಕಬ್ಬಿಣವನ್ನು ಬಯಲಿಗೆ ಬಿಟ್ಟರೆ ತುಕ್ಕಾಗಿ ಮರಳಿ ಕೆಂಪು ಮಣ್ಣಾಗಲು ಹವಣಿಸುತ್ತದೆ; ಅದನ್ನು ತಡೆಯಲು ಮನುಷ್ಯ ಅದೇ ಕೆಂಪು ಮಣ್ಣನ್ನು ಎಣ್ಣೆಯಲ್ಲಿ ಕಲಸಿ ಮೇಲೆ ಬಳಿಯುತ್ತಾನೆ. ತರಗತಿಯಲ್ಲಿ ತುಕ್ಕಿನ ಪಾಠ ಹೇಳುವಾಗ ಈ ಉದಾಹರಣೆಯನ್ನು ನಾನು ಹೇಳುತ್ತಿದ್ದೆನೆಂಬುದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬಹುದು.

ಆದರೆ ಪ್ರಯಾಣಿಕರ ಬೋಗಿಯ ಕೆಂಪು ಕೇವಲ ಕೆಮ್ಮಣ್ಣಿನ ಕಂದು ಅಲ್ಲ. ಅದಕ್ಕಿಂತ ತುಸು ಉಜ್ವಲವಾದ, ತುಸು ನೇರಳೆಗೆ ವಾಲಿದ ಛಾಯೆ ಅದು. ನಮ್ಮ ದೇಶದಲ್ಲಿ ಸಿದ್ಧ ಬಣ್ಣಗಳಿಗೆ ಐಎಸ್ 5 ಎಂಬ ಮಾನಕವಿದ್ದು, ಅದರಲ್ಲಿ ಪ್ರತಿಯೊಂದು ಛಾಯೆಗೂ ಹೆಸರು ಮತ್ತು ಸಂಖ್ಯೆ ಇವೆ. ಬೋಗಿಗೆ ಬಳಿಯುತ್ತಿದ್ದ ಕೆಂಪನ್ನು ಆ ಪಟ್ಟಿಯ ಭಾಷೆಯಲ್ಲಿ 'ಗಲ್ಫ್ ರೆಡ್' ಎನ್ನುತ್ತಾರೆ. ಕಾರ್ಖಾನೆಯಿಂದ ಹೊರಬಿದ್ದ ದಿನ ಬೋಗಿ ಹೇಗಿತ್ತೆಂಬುದನ್ನು ಈ ಪಟ್ಟಿ ಹೇಳುತ್ತದೆ. ಎರಡನೆಯ ಬೇಸಗೆಯ ಹೊತ್ತಿಗೆ ಹೇಗಾಗಿತ್ತೆಂಬುದನ್ನು ಯಾವ ಪಟ್ಟಿಯೂ ಹೇಳುವುದಿಲ್ಲ. ನಮ್ಮ ನೆನಪಿನಲ್ಲಿರುವುದು ಬಹುಮಟ್ಟಿಗೆ ಈ ಎರಡನೆಯ ಬಣ್ಣ.

ಬಣ್ಣ ಮಾಸುವುದೆಂದರೆ

ಬಣ್ಣದಲ್ಲಿ ಎರಡು ಅಂಶಗಳಿವೆ. ಒಂದು ವರ್ಣದ ಪುಡಿ, ಇನ್ನೊಂದು ಆ ಪುಡಿಯನ್ನು ಹಿಡಿದಿಡುವ ಅಂಟು. ಹಿಂದೆ ಅಗಸೆ ಎಣ್ಣೆ ಈ ಕೆಲಸ ಮಾಡುತ್ತಿತ್ತು, ಅನಂತರ ಕೃತಕ ರಾಳಗಳು ಬಂದವು. ಕೆಂಪು ಆಕ್ಸೈಡಿನ ಪುಡಿ ಬಿಸಿಲಿಗೆ ಬಗ್ಗುವುದಿಲ್ಲ, ಬಗ್ಗುವುದು ಅಂಟು. ಸೂರ್ಯನ ಅತಿನೇರಳೆ ಕಿರಣಗಳು ಅಂಟಿನ ಬಂಧಗಳನ್ನು ಕಡಿಯುತ್ತ ಹೋದಂತೆ ಮೇಲ್ಮೈಯ ಹೊಳಪು ಅಳಿಯುತ್ತದೆ, ವರ್ಣದ ಪುಡಿ ಸಡಿಲವಾಗಿ ಹೊರಬೀಳುತ್ತದೆ. ಹಳೆಯ ಬಸ್ಸಿನ ಪಕ್ಕೆಗೆ ಬೆರಳು ತಾಗಿಸಿದರೆ ಬೆರಳಿಗೆ ಹತ್ತುವ ಬಣ್ಣದ ಹಿಟ್ಟು ಇದೇ. ಒರಟಾದ ಮೇಲ್ಮೈ ಬೆಳಕನ್ನು ಎಲ್ಲ ದಿಕ್ಕಿಗೂ ಚದುರಿಸುವುದರಿಂದ ಬಣ್ಣ ಬಿಳುಚಿದಂತೆ ಕಾಣುತ್ತದೆ. ಉಜ್ವಲತೆಗಾಗಿ ಸೇರಿಸುವ ಸಾವಯವ ವರ್ಣಗಳಲ್ಲಿ ಹಲವು ಬಿಸಿಲಿಗೆ ಬೇಗ ಸೋಲುತ್ತವೆ. ಆಗ ಹಿಂದೆ ಉಳಿಯುವುದು ಮಣ್ಣಿನ ಕಂದು ಮಾತ್ರ.

ಇಲ್ಲಿ ಒಂದು ವಿಸ್ಮಯವಿದೆ. ಮಾಸಿದ ಬೋಗಿಯ ಮೇಲೆ ಮಳೆ ಬಿದ್ದರೆ, ನೀರಿನ ತೆಳುಪದರವು ಆ ಒರಟನ್ನು ತುಂಬಿಬಿಡುತ್ತದೆ, ಬೆಳಕು ಚದುರುವುದು ನಿಲ್ಲುತ್ತದೆ, ಹಳೆಯ ಗಾಢ ಬಣ್ಣ ಕ್ಷಣಕಾಲ ಮರಳಿ ಬರುತ್ತದೆ. ಆದ್ದರಿಂದ ಆಷಾಢದಲ್ಲಿ ಶಿವಮೊಗ್ಗ ನಿಲ್ದಾಣದಲ್ಲಿ ನಿಂತು ನೋಡಿದ ನ್ಯಾಮತಿಯ ಹುಡುಗನಿಗೆ ಬೋಗಿ ಚೊಗರು ಕೊಟ್ಟ ಹೊಸ ಕೆಂಪಡಿಕೆಯಂತೆ ಕಂಡಿರಬಹುದು. ಚೈತ್ರದ ಮಧ್ಯಾಹ್ನ ದಾವಣಗೆರೆಯಲ್ಲಿ ನೋಡಿದ ಜಗಳೂರಿನ ಹುಡುಗಿಗೆ ಅದೇ ಬೋಗಿ ಹಳೆಯ ಇಟ್ಟಿಗೆಯಂತೆ ಕಂಡಿರಬಹುದು. ಇಬ್ಬರ ನೆನಪೂ ಸರಿಯಾದದ್ದೇ.

ನಮ್ಮ ನಾಲ್ಕು ತಾಲ್ಲೂಕುಗಳೇ ಇದಕ್ಕೆ ಒಳ್ಳೆಯ ಪ್ರಯೋಗಶಾಲೆ. ಚನ್ನಗಿರಿಯ ಅಡಿಕೆ ತೋಟದ ನೆರಳಿನಲ್ಲಿರುವ ಮನೆಯ ಬಾಗಿಲನ್ನು ನೋಡಿ. ಅಲ್ಲಿ ಬಣ್ಣ ಬಿಳುಚುವುದಕ್ಕಿಂತ ಮೊದಲು ತೇವಕ್ಕೆ ಉಬ್ಬುತ್ತದೆ, ಪಾಚಿ ಹಿಡಿಯುತ್ತದೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆಯ ಕಬ್ಬಿಣದ ಕಂಬಿಗಳಲ್ಲಿ ತುಕ್ಕು ಕೆಳಗಿನಿಂದ ಮೇಲಕ್ಕೆ ಏರುತ್ತದೆ. ಮಳೆ ಕಡಿಮೆಯಿರುವ ಜಗಳೂರಿನಲ್ಲಿ ಟ್ರ್ಯಾಕ್ಟರಿನ ಟ್ರೇಲರು ತುಕ್ಕು ಹಿಡಿಯುವುದಕ್ಕೆ ಮುಂಚೆಯೇ ಬಿಸಿಲಿಗೆ ಸುಣ್ಣದಂತಾಗುತ್ತದೆ. ಒಂದೇ ಡಬ್ಬದ ಬಣ್ಣ, ಮೂರು ಬಗೆಯ ಮುಪ್ಪು. ವಸ್ತು ಎಲ್ಲಿ ಬಾಳಿತೆಂಬುದನ್ನು ಅದರ ಬಣ್ಣ ಮಾಸಿದ ರೀತಿಯೇ ತಿಳಿಸುತ್ತದೆ.

ಬೋಗಿ ಓಡಾಡುವ ವಸ್ತುವಾದ್ದರಿಂದ ಅದಕ್ಕೆ ತನ್ನದೇ ಆದ ಗುರುತುಗಳಿದ್ದವು. ಇಂಜಿನ್ನಿನ ಹೊಗೆಯ ಮಸಿ ಚಾವಣಿಯ ಮೇಲೆ ಕೂರುತ್ತಿತ್ತು. ಎರಕದ ಕಬ್ಬಿಣದ ಬ್ರೇಕ್ ಬಿಲ್ಲೆಗಳು ಗಾಲಿಗೆ ಉಜ್ಜಿದಾಗಲೆಲ್ಲ ಎದ್ದ ಸೂಕ್ಷ್ಮ ಲೋಹಚೂರ್ಣ ಬೋಗಿಯ ಕೆಳಭಾಗಕ್ಕೆ ಅಂಟಿಕೊಂಡು, ಅಲ್ಲಿಯೇ ತುಕ್ಕಾಗಿ, ಮೊಣಕಾಲೆತ್ತರದವರೆಗೆ ಕಂದು ಮಬ್ಬು ಕವಿಯುತ್ತಿತ್ತು. ಕಿಟಕಿಗಳ ಕೆಳಗೆ ತಾಂಬೂಲದ ಧಾರೆಗಳು. ಬಾಗಿಲ ಹಿಡಿಕಂಬಿಯ ಸುತ್ತ ಸಾವಿರಾರು ಕೈಗಳು ತಾಗಿ ಬಣ್ಣ ಸವೆದು ಲೋಹ ಹೊಳೆಯುತ್ತಿತ್ತು. ಇವೆಲ್ಲವೂ ಕೊಳೆ ನಿಜ. ಆದರೆ ಪ್ರತಿಯೊಂದಕ್ಕೂ ಕಾರಣವಿತ್ತು, ಪ್ರತಿಯೊಂದಕ್ಕೂ ತನ್ನದೇ ಸ್ಥಾನವಿತ್ತು.

ಒಂದು ಸಾಲಿನಲ್ಲಿ ಹಲವು ಕೆಂಪು

ಬೋಗಿಗಳನ್ನು ಕಾಲಕಾಲಕ್ಕೆ ಹುಬ್ಬಳ್ಳಿ, ಮೈಸೂರುಗಳಂಥ ಕಾರ್ಯಾಗಾರಗಳಿಗೆ ಕಳುಹಿಸಿ ಪೂರ್ಣ ದುರಸ್ತಿ ಮಾಡಿಸುವ ಪದ್ಧತಿ ಇದೆ. ದುರಸ್ತಿ ಮುಗಿದ ಮೇಲೆ ಬೋಗಿಯ ತುದಿಯ ಗೋಡೆಯ ಮೇಲೆ ಪಿ.ಓ.ಎಚ್. ಎಂಬ ಅಕ್ಷರಗಳೊಡನೆ ಕಾರ್ಯಾಗಾರದ ಸಂಕೇತ ಮತ್ತು ದಿನಾಂಕವನ್ನೂ, ಮತ್ತೆ ಯಾವಾಗ ಹಿಂದಿರುಗಬೇಕೆಂಬ ದಿನಾಂಕವನ್ನೂ ಬರೆಯುತ್ತಾರೆ. ಒಂದೇ ಗಾಡಿಯಲ್ಲಿ ಮೊನ್ನೆ ಕಾರ್ಯಾಗಾರದಿಂದ ಬಂದ ಬೋಗಿಯೂ ಮರಳುವ ಅವಧಿ ಹತ್ತಿರವಾದ ಬೋಗಿಯೂ ಅಕ್ಕಪಕ್ಕದಲ್ಲಿರುತ್ತಿದ್ದವು. ಆದುದರಿಂದ "ರೈಲಿನ ಬಣ್ಣ" ಎಂಬ ಒಂದು ಬಣ್ಣ ಎಂದೂ ಇರಲಿಲ್ಲ. ಹತ್ತು ಬೋಗಿಗಳ ಗಾಡಿಯಲ್ಲಿ ಹತ್ತು ಕೆಂಪುಗಳಿದ್ದವು.

ಮಾದರಿ ತಯಾರಿಸುವವರು ಇದನ್ನು ಗಮನದಲ್ಲಿಟ್ಟುಕೊಳ್ಳಬೇಕು. ಎಲ್ಲ ಬೋಗಿಗಳನ್ನೂ ಒಂದೇ ಸಮನಾಗಿ ಮಾಸಿದಂತೆ ಮಾಡಿದರೆ, ಎಲ್ಲವನ್ನೂ ಹೊಸದಾಗಿ ಬಿಟ್ಟಷ್ಟೇ ಅಸಹಜ. ಮೊದಲು ಪ್ರತಿ ಬೋಗಿಗೂ ಒಂದೊಂದು ದುರಸ್ತಿ ದಿನಾಂಕವನ್ನು ನಿಶ್ಚಯಿಸಿ, ಅದಕ್ಕೆ ತಕ್ಕಂತೆ ಅದರ ವಯಸ್ಸನ್ನು ತೋರಿಸುವುದು ಸರಿಯಾದ ಮಾರ್ಗ.

ಕೆಂಪು ಹೋಗಿ ನೀಲಿ ಬಂದದ್ದು

1992ರಲ್ಲಿ ಏಕರೂಪ ಗೇಜ್ ಯೋಜನೆ ಆರಂಭವಾಗಿ, ಆ ದಶಕದಲ್ಲಿಯೇ ನಮ್ಮ ಭಾಗದ ಮುಖ್ಯ ಮಾರ್ಗಗಳು ಬ್ರಾಡ್ ಗೇಜಿಗೆ ಪರಿವರ್ತನೆಯಾದವು. ಹೆಚ್ಚುಕಡಿಮೆ ಅದೇ ಕಾಲಕ್ಕೆ ಬೋಗಿಗಳು ನೀಲಿಯಾಗತೊಡಗಿದವು. ಬಹಳ ಜನ ಇದನ್ನು ಕೇವಲ ಅಲಂಕಾರದ ಬದಲಾವಣೆಯೆಂದು ತಿಳಿದಿದ್ದಾರೆ. ವಾಸ್ತವವಾಗಿ ಅದರ ಹಿಂದೆ ತಾಂತ್ರಿಕ ಕಾರಣವಿತ್ತು. ಹಳೆಯ ಬೋಗಿಗಳಲ್ಲಿ ನಿರ್ವಾತ ಬ್ರೇಕ್ ಇತ್ತು, ಹೊಸವುಗಳಿಗೆ ಒತ್ತಿದ ಗಾಳಿಯ ಬ್ರೇಕ್ ಬಂದಿತು. ಈ ಎರಡು ಬಗೆಯ ಬೋಗಿಗಳನ್ನು ಒಂದೇ ಗಾಡಿಯಲ್ಲಿ ಜೋಡಿಸುವಂತಿರಲಿಲ್ಲ. ದೂರದಿಂದಲೇ ಗುರುತು ಹಿಡಿಯಲು ಗಾಳಿ ಬ್ರೇಕಿನವಕ್ಕೆ ನೀಲಿ, ನಿರ್ವಾತ ಬ್ರೇಕಿನವಕ್ಕೆ ಕೆಂಪು ಎಂದಾಯಿತು. ಬಣ್ಣವು ಇಲ್ಲಿ ಒಂದು ಸೂಚನಾಫಲಕದ ಕೆಲಸ ಮಾಡಿತು.

ಆ ನೀಲಿಯ ಯುಗವೂ ಈಗ ಮುಗಿಯುತ್ತಿದೆ. ಸ್ವಿಟ್ಜರ್ಲೆಂಡಿನ ಕಂಪನಿಯೊಂದರ ಸಹಯೋಗದಲ್ಲಿ ರೂಪುಗೊಂಡು, 1955ರ ಅಕ್ಟೋಬರ್ 2ರಂದು ಪಂಡಿತ ನೆಹರೂ ಅವರಿಂದ ಉದ್ಘಾಟನೆಗೊಂಡ ಪೆರಂಬೂರಿನ ಕಾರ್ಖಾನೆಯು ತನ್ನ ಹಳೆಯ ವಿನ್ಯಾಸದ ಬೋಗಿಗಳ ತಯಾರಿಕೆಯನ್ನು 2018ರಲ್ಲಿ ನಿಲ್ಲಿಸಿತು. ಜರ್ಮನಿಯ ವಿನ್ಯಾಸದ ಎಲ್‌ಎಚ್‌ಬಿ ಬೋಗಿಗಳು 2000ದಲ್ಲಿ ಬಂದವು. ಅವುಗಳ ಮೈ ತುಕ್ಕು ಹಿಡಿಯದ ಉಕ್ಕಿನದು. ತುಕ್ಕಿಲ್ಲದ ಮೈಗೆ ರಕ್ಷಣೆಗಾಗಿ ಬಣ್ಣ ಬೇಕಿಲ್ಲ, ಅಲಂಕಾರಕ್ಕೆ ಮಾತ್ರ ಬೇಕು. ಹೀಗೆ ಬಣ್ಣದ ಅರ್ಥವೇ ಬದಲಾಯಿತು. ಇಂದಿನ ಮಕ್ಕಳು ಮುಂದೆ ನೆನೆಯುವ ರೈಲು ಬೇರೆಯದೇ ರೀತಿಯಲ್ಲಿ ಮುಪ್ಪಾಗುತ್ತದೆ.

ಗೊಂಬೆಯಿಂದ ಮಾದರಿಯೆಡೆಗೆ

ಈಗ ಪುಟ್ಟ ರೈಲಿನ ಕಡೆಗೆ ಹೊರಳೋಣ. ಜರ್ಮನಿಯ ಮಾರ್ಕ್ಲಿನ್ ಸಂಸ್ಥೆ 1891ರಲ್ಲಿ ಆಟಿಕೆ ರೈಲುಗಳಿಗೆ ನಿಶ್ಚಿತ ಹಳಿಯಗಲಗಳನ್ನು ಪ್ರಚುರಪಡಿಸಿತು. ಇಂಗ್ಲೆಂಡಿನ ಲಿವರ್‌ಪೂಲಿನ ಫ್ರಾಂಕ್ ಹಾರ್ನ್‌ಬಿಯವರ ಕೀಲಿ ಕೊಟ್ಟು ಓಡಿಸುವ ತಗಡಿನ ರೈಲುಗಳು 1920ರಲ್ಲಿ ಮಾರುಕಟ್ಟೆಗೆ ಬಂದವು. ಅವೆಲ್ಲ ಫಳಫಳ ಹೊಳೆಯುವ ಬಣ್ಣದ ಆಟಿಕೆಗಳು. ನಮ್ಮ ನಾಡಿನ ಮಕ್ಕಳ ಕೈಗೆ ಸಿಕ್ಕಿದ್ದು ಚನ್ನಪಟ್ಟಣದ ಮರದ ರೈಲು. ಹಾಲೆ ಮರದ ತುಂಡನ್ನು ತಿರುಗಣಿಯಲ್ಲಿ ಕಡೆದು, ತಿರುಗುತ್ತಿರುವಾಗಲೇ ಬಣ್ಣ ಬೆರೆತ ಅರಗಿನ ಕಡ್ಡಿಯನ್ನು ಒತ್ತಿ, ಘರ್ಷಣೆಯ ಶಾಖಕ್ಕೆ ಅರಗು ಕರಗಿ ಮರಕ್ಕೆ ಹತ್ತುವಂತೆ ಮಾಡಿ, ಕೇದಗೆಯ ಜಾತಿಯ ಗರಿಯಿಂದ ಉಜ್ಜಿ ಹೊಳಪು ಕೊಡುತ್ತಾರೆ. ಸಸ್ಯಜನ್ಯ ಬಣ್ಣ ಬಳಸಿದ ಗೊಂಬೆಯನ್ನು ಕಿಟಕಿಯ ಬಿಸಿಲಿನಲ್ಲಿಟ್ಟು ನೋಡಿ. ಅರಿಶಿನದ ಹಳದಿಯೇ ಮೊದಲು ಬಿಳುಚುತ್ತದೆ. ಅರಿಶಿನಕ್ಕೆ ಬೆಳಕಿನ ಭಯವೆಂಬುದನ್ನು ಅರಿಶಿನದ ಕಲೆಯಾದ ಬಟ್ಟೆಯನ್ನು ಬಿಸಿಲಿಗೆ ಹರವುವ ನಮ್ಮ ಮನೆಯ ಹೆಂಗಸರು ಯಾವ ಪುಸ್ತಕವನ್ನೂ ಓದದೆಯೇ ಬಲ್ಲರು.

ಹೊಳೆಯುವ ಆಟಿಕೆಯನ್ನು ನಿಜವಾದ ರೈಲಿನಂತೆ ಕಾಣಿಸಬೇಕೆಂಬ ಹಂಬಲ ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಬಲವಾಯಿತು. ಇದರಲ್ಲಿ ಎದ್ದು ಕಾಣುವ ಹೆಸರು ಅಮೆರಿಕದ ಜಾನ್ ಅಲೆನ್ ಅವರದು. ಕ್ಯಾಲಿಫೋರ್ನಿಯಾದ ಮಾಂಟೆರಿಯಲ್ಲಿ ತಮ್ಮ ಮನೆಯ ಕೆಳಗಿನ ಕೋಣೆಯಲ್ಲಿ ಅವರು ಕಟ್ಟಿದ ಪುಟ್ಟ ರೈಲುಲೋಕ ಜಗತ್ತಿನ ಹವ್ಯಾಸಿಗಳ ಗಮನ ಸೆಳೆಯಿತು. ಅವರು ವೃತ್ತಿಯಿಂದ ಛಾಯಾಗ್ರಾಹಕರು. ಬೆಳಕು, ಮಸಿ, ತುಕ್ಕುಗಳನ್ನು ಗಮನಿಸಬಲ್ಲ ಕಣ್ಣು ಅವರಿಗಿತ್ತು. ಅವರ ಡಬ್ಬಿಗಳಲ್ಲಿ ತುಕ್ಕು ಇಳಿದಿತ್ತು, ಇಂಜಿನ್ನುಗಳು ಮಸಿ ಹಿಡಿದಿದ್ದವು, ಮರದ ಸೇತುವೆಗಳು ಬೂದುಬಣ್ಣಕ್ಕೆ ತಿರುಗಿದ್ದವು. ಅವರು 1973ರ ಜನವರಿಯಲ್ಲಿ ತೀರಿಕೊಂಡರು. ಕೆಲವೇ ದಿನಗಳಲ್ಲಿ ಬೆಂಕಿ ಬಿದ್ದು ಆ ಮಾದರಿಯ ಬಹುಭಾಗ ಸುಟ್ಟುಹೋಯಿತು. ಇಂದು ಉಳಿದಿರುವುದು ಮುಖ್ಯವಾಗಿ ಅವರು ತೆಗೆದ ಛಾಯಾಚಿತ್ರಗಳು.

ಇಂದು ಹೆಚ್ಚು ಬಳಕೆಯಲ್ಲಿರುವ ಎಚ್‌ಓ ಮಾನದಲ್ಲಿ ನಿಜ ವಸ್ತುವಿನ 87ರಲ್ಲಿ ಒಂದು ಪಾಲು ಮಾದರಿಯ ಗಾತ್ರ. ಸುಮಾರು 21.3 ಮೀಟರ್ ಉದ್ದದ ಬ್ರಾಡ್ ಗೇಜ್ ಬೋಗಿಯು ಇದರಲ್ಲಿ 24.5 ಸೆಂಟಿಮೀಟರಿಗೆ, ಅಂದರೆ ಒಂದು ಗೇಣಿಗಿಂತ ತುಸು ಹೆಚ್ಚಿಗೆ ಇಳಿಯುತ್ತದೆ. ಒಂದು ಮೀಟರಿನ ಹಳಿಯಗಲ 11.5 ಮಿಲಿಮೀಟರ್ ಆಗುತ್ತದೆ. ಹೀಗೆ ಕುಗ್ಗಿಸಿದ ವಸ್ತುವಿಗೆ ನಿಜವಾದ ಡಬ್ಬದ ಬಣ್ಣವನ್ನೇ ಬಳಿದರೂ ಅದು ಹೆಚ್ಚು ಗಾಢವಾಗಿ ಕಾಣುತ್ತದೆ. ಎರಡು ಅಡಿ ದೂರದಿಂದ ನೋಡುವ ಮಾದರಿಯು ನೂರೆಪ್ಪತ್ತು ಅಡಿ ದೂರದ ಬೋಗಿಗೆ ಸಮಾನ. ಅಷ್ಟು ದೂರದ ವಸ್ತುವನ್ನು ನಡುವಿನ ಗಾಳಿ, ಧೂಳುಗಳು ತುಸು ತಿಳಿಯಾಗಿಸುತ್ತವೆ. ಆದ್ದರಿಂದ ನುರಿತವರು ಮೂಲ ಬಣ್ಣಕ್ಕೆ ಮೊದಲೇ ಒಂದಿಷ್ಟು ಬಿಳಿ ಬೆರೆಸುತ್ತಾರೆ. ಅನಂತರ ನೀರಿನಂತೆ ತೆಳುವಾದ ಕಡುಕಂದು ಬಣ್ಣವನ್ನು ಹರಿಸಿ, ಸಂದುಗಳಲ್ಲಿ ಮಾತ್ರ ಉಳಿಯುವಂತೆ ಬಟ್ಟೆಯಿಂದ ಒರಸುತ್ತಾರೆ. ಚಿತ್ರಕಾರರ ಬಣ್ಣದ ಸೀಮೆಸುಣ್ಣವನ್ನು ನುಣ್ಣಗೆ ಪುಡಿಮಾಡಿ ಮೆತ್ತನೆಯ ಕುಂಚದಿಂದ ಸವರಿದರೆ ಧೂಳು, ಮಸಿ, ತುಕ್ಕುಗಳು ಮೂಡುತ್ತವೆ. ಕೊನೆಯಲ್ಲಿ ಹೊಳಪಿಲ್ಲದ ವಾರ್ನಿಶಿನ ಪದರ. ಜೀವಮಾನವಿಡೀ ಸೀಮೆಸುಣ್ಣದ ಪುಡಿ ಮೈಮೇಲೆ ಉದುರಿಸಿಕೊಂಡ ನಮ್ಮಂಥವರಿಗೆ ಈ ವಿದ್ಯೆ ಸುಲಭವಾಗಿ ಅರ್ಥವಾಗುತ್ತದೆ!

ಕೊಳೆ ಹಚ್ಚುವುದು ಸರಿಯೇ?

ಇಷ್ಟು ಶ್ರಮಪಟ್ಟು ಮಾಡಿದ ಸುಂದರ ವಸ್ತುವಿಗೆ ಕೈಯಾರೆ ಕೊಳೆ ಹಚ್ಚುವುದು ಯಾವ ನ್ಯಾಯ ಎಂದು ಕೇಳುವವರಿದ್ದಾರೆ. ನನ್ನ ಮನೆಯಲ್ಲಿಯೇ ಈ ಪ್ರಶ್ನೆ ಎದ್ದಿತು. ಪ್ರಶ್ನೆ ನ್ಯಾಯವಾದದ್ದೇ. ಕಂಡಕಂಡಲ್ಲಿ ತುಕ್ಕು ಬಳಿದ ಮಾದರಿ ವೇಷ ಹಾಕಿದ ನಟನಂತೆ ಕೃತಕವಾಗುತ್ತದೆ. ಆದರೆ ಕಾರಣ ಬಲ್ಲವನು ಹಚ್ಚಿದ ಕೊಳೆ ಹಾಗಲ್ಲ. ಬ್ರೇಕಿನ ಧೂಳು ಗಾಲಿಯ ಬಳಿ, ಮಸಿ ಚಾವಣಿಯಲ್ಲಿ, ಸವೆತ ಹಿಡಿಕಂಬಿಯಲ್ಲಿ ಇರುವಂತೆ ಮಾಡಿದವನು ಆ ಗಾಡಿಯಲ್ಲಿ ಓಡಾಡಿದ ಜನರನ್ನೂ ಅದನ್ನು ನಡೆಸಿದ ಕೆಲಸಗಾರರನ್ನೂ ಒಳಗೊಂಡಂತೆ ಚಿತ್ರಿಸಿದ್ದಾನೆ. ಹೊಳೆಯುವ ಬೋಗಿ ಕಾರ್ಖಾನೆಯ ಕಥೆಯನ್ನಷ್ಟೇ ಹೇಳುತ್ತದೆ. ಮಾಸಿದ ಬೋಗಿಯಲ್ಲಿ ಊರುಗಳ ಕಥೆಯಿದೆ.

ಇದೇ ಪ್ರಶ್ನೆ ದೊಡ್ಡ ಪ್ರಮಾಣದಲ್ಲಿ ವಸ್ತುಸಂಗ್ರಹಾಲಯಗಳನ್ನೂ ಕಾಡುತ್ತದೆ. 1979ರಲ್ಲಿ ಆರಂಭವಾದ ಮೈಸೂರಿನ ರೈಲು ವಸ್ತುಸಂಗ್ರಹಾಲಯದಲ್ಲಿ 1899ರ ಮಹಾರಾಣಿಯವರ ಸಲೂನ್ ಬೋಗಿಯನ್ನು ನಿಮ್ಮಲ್ಲಿ ಹಲವರು ಶಾಲಾ ಪ್ರವಾಸದಲ್ಲಿ ನೋಡಿದ್ದೀರಿ. ಹುಬ್ಬಳ್ಳಿಯಲ್ಲಿಯೂ 2020ರಲ್ಲಿ ರೈಲು ವಸ್ತುಸಂಗ್ರಹಾಲಯ ತೆರೆಯಿತು. ಬಯಲಿನಲ್ಲಿ ನಿಲ್ಲಿಸಿದ ಯಾವುದೇ ಹಳೆಯ ಬೋಗಿಯ ಮುಪ್ಪು ಓಡುವ ಬೋಗಿಯ ಮುಪ್ಪಿನಂತಲ್ಲ. ಓಡುವ ಬೋಗಿಗೆ ಬಿಸಿಲು ಸರದಿಯಂತೆ ಎರಡೂ ಮಗ್ಗುಲಿಗೆ ಬೀಳುತ್ತದೆ. ಪೂರ್ವಪಶ್ಚಿಮವಾಗಿ ನಿಂತ ಬೋಗಿಗೆ ವರ್ಷದ ಹೆಚ್ಚಿನ ಕಾಲ ದಕ್ಷಿಣದ ಮಗ್ಗುಲೇ ಸುಡುತ್ತದೆ. ಉಳಿಸಬೇಕಾದರೆ ಮತ್ತೆ ಬಣ್ಣ ಬಳಿಯಲೇಬೇಕು, ಇಲ್ಲವಾದರೆ ತುಕ್ಕು ಮೈಯನ್ನೇ ತಿನ್ನುತ್ತದೆ. ಬಳಿಯುವ ಮುನ್ನ ಪೂರ್ತಿ ಕೆರೆದರೆ, ಒಂದರ ಮೇಲೊಂದು ಕೂತ ಹಳೆಯ ಪದರಗಳಲ್ಲಿದ್ದ ಸಾಕ್ಷ್ಯ ಶಾಶ್ವತವಾಗಿ ಹೋಗುತ್ತದೆ. ಆದ್ದರಿಂದ ಬಲ್ಲ ಸಂರಕ್ಷಕರು ಕಣ್ಣಿಗೆ ಬೀಳದ ಒಂದು ಮೂಲೆಯಲ್ಲಿ ಪದರಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಬಿಡಿಸಿ, ದಾಖಲಿಸಿ, ಆ ಭಾಗವನ್ನು ಹಾಗೆಯೇ ಉಳಿಸುತ್ತಾರೆ. ಶಾಸನದ ಅಕ್ಷರಗಳನ್ನು ಸುಣ್ಣ ಬಳಿದು ಮುಚ್ಚಬಾರದೆಂದು ಹೇಳುವ ನಾವು ಬಣ್ಣದ ಪದರಗಳನ್ನೂ ಅದೇ ಗೌರವದಿಂದ ಕಾಣಬೇಕು.

ಛಾಯಾಚಿತ್ರವೂ ಮಾಸುತ್ತದೆ

ಹಾಗಾದರೆ ಹಳೆಯ ಬಣ್ಣದ ಫೋಟೋಗಳನ್ನು ನೋಡಿ ಕೆಂಪನ್ನು ನಿಶ್ಚಯಿಸಬಹುದಲ್ಲ ಎಂದು ನೀವು ಕೇಳಬಹುದು. ಇಲ್ಲೊಂದು ತೊಡಕಿದೆ. 1970–80ರ ದಶಕಗಳ ಬಣ್ಣದ ಫೋಟೋಗಳಲ್ಲಿ ನೀಲಿಹಸಿರು, ಕೆನ್ನೇರಳೆ, ಹಳದಿ ಎಂಬ ಮೂರು ಬಣ್ಣಗಳ ಪದರಗಳಿವೆ. ಆಲ್ಬಮ್ಮಿನ ಕತ್ತಲೆಯಲ್ಲಿ ಮುಚ್ಚಿಟ್ಟರೂ ಅಂದಿನ ಹಲವು ಬಗೆಯ ಕಾಗದಗಳಲ್ಲಿ ನೀಲಿಹಸಿರಿನ ಪದರ ಮೊದಲು ಕ್ಷೀಣಿಸುತ್ತದೆ. ಆಗ ಇಡೀ ಚಿತ್ರ ಕೆಂಪಿಗೆ ತಿರುಗುತ್ತದೆ. ನಿಮ್ಮ ಮನೆಯ ಮದುವೆಯ ಆಲ್ಬಮ್ಮಿನಲ್ಲಿ ಎಲ್ಲರ ಮುಖವೂ ಕೆಂಪಾಗಿರುವುದಕ್ಕೆ ಇದೇ ಕಾರಣ. ಕೆಂಪಿಗೆ ತಿರುಗಿದ ಫೋಟೋದಲ್ಲಿ ಕೆಂಪು ಬೋಗಿಯ ನಿಜ ಛಾಯೆಯನ್ನು ಹುಡುಕುವುದು ಹೇಗೆ?

ಉಪಾಯವಿಲ್ಲದೆ ಇಲ್ಲ. ಅದೇ ಚಿತ್ರದಲ್ಲಿ ಬಣ್ಣ ಗೊತ್ತಿರುವ ವಸ್ತುವೊಂದನ್ನು ಹುಡುಕಬೇಕು – ಅಜ್ಜನ ಬಿಳಿ ಪಂಚೆ, ನಿಲ್ದಾಣದ ಹಳದಿ ನಾಮಫಲಕ, ಹೊಂಗೆಯ ಎಲೆ. ಅವು ತಮ್ಮ ನಿಜ ಬಣ್ಣದಿಂದ ಎಷ್ಟು ಸರಿದಿವೆಯೋ ಬೋಗಿಯೂ ಸುಮಾರಾಗಿ ಅಷ್ಟೇ ಸರಿದಿರುತ್ತದೆ. ಕಂಪ್ಯೂಟರಿನಲ್ಲಿ ಬಿಳಿಯನ್ನು ಬಿಳಿಯಾಗಿಸಿದರೆ ಕೆಂಪೂ ತನ್ನ ಸ್ಥಾನಕ್ಕೆ ಹತ್ತಿರ ಬರುತ್ತದೆ. ಒಂದೇ ಸಾಕ್ಷಿಯನ್ನು ನಂಬದೆ ಹಲವನ್ನು ಎದುರುಬದುರು ಇಟ್ಟು ತೂಗುವುದೇ ಇತಿಹಾಸದ ವಿಧಾನ. ಅದು ರಾಜರ ಕಾಲನಿರ್ಣಯಕ್ಕೆ ಎಷ್ಟು ಸಲ್ಲುತ್ತದೆಯೋ ಬೋಗಿಯ ಬಣ್ಣಕ್ಕೂ ಅಷ್ಟೇ ಸಲ್ಲುತ್ತದೆ.

ಮೀಟರ್ ಗೇಜ್ ಹೋಯಿತು, ಉಗಿಬಂಡಿ ಹೋಯಿತು, ಕೆಂಪು ಬೋಗಿಯೂ ನಮ್ಮ ಹಳಿಗಳಿಂದ ಮರೆಯಾಯಿತು. ಅದನ್ನು ಕಣ್ಣಾರೆ ಕಂಡವರ ಸಂಖ್ಯೆಯೂ ವರ್ಷದಿಂದ ವರ್ಷಕ್ಕೆ ಇಳಿಯುತ್ತಿದೆ. ಕಾರ್ಖಾನೆಯ ಬಣ್ಣ ಪಟ್ಟಿಯಲ್ಲಿ ಉಳಿಯುತ್ತದೆ. ಬಿಸಿಲು, ಮಳೆ, ಧೂಳುಗಳು ಅದಕ್ಕೆ ಕೊಟ್ಟ ಬಣ್ಣ ಉಳಿಯುವುದು ನಮ್ಮ ನಿಮ್ಮಂಥವರು ಹೇಳಿದರೆ ಮಾತ್ರ. ಆದ್ದರಿಂದ ವಿದ್ಯಾರ್ಥಿಮಿತ್ರರಲ್ಲಿಯೂ ಬಂಧುಗಳಲ್ಲಿಯೂ ನನ್ನದೊಂದು ವಿನಂತಿ. ನಿಮ್ಮ ಮನೆಯ ಹಳೆಯ ಆಲ್ಬಮ್ಮುಗಳನ್ನು ತೆರೆದು ನೋಡಿ. ದಾವಣಗೆರೆ, ಹರಿಹರ, ಚಿಕ್ಕಜಾಜೂರು, ಶಿವಮೊಗ್ಗ ನಿಲ್ದಾಣಗಳಲ್ಲಿ ಯಾರನ್ನೋ ಬೀಳ್ಕೊಡುವಾಗ ತೆಗೆದ ಚಿತ್ರದ ಹಿನ್ನೆಲೆಯಲ್ಲಿ ಬೋಗಿಯ ಒಂದು ಮೂಲೆಯಾದರೂ ಇದ್ದೀತು. ಅದರ ಹಿಂಬದಿಯಲ್ಲಿ ಪೆನ್ಸಿಲಿನಿಂದ ವರ್ಷ, ತಿಂಗಳು, ಊರುಗಳನ್ನು ಬರೆಯಿರಿ. ಅಂದು ಮಳೆಯಿತ್ತೋ ಬಿಸಿಲಿತ್ತೋ ನೆನಪಿದ್ದರೆ ಅದನ್ನೂ ಬರೆಯಿರಿ. ಪೆನ್ಸಿಲಿನ ಬರಹ ಬಿಸಿಲಿಗೆ ಮಾಸುವುದಿಲ್ಲ.